ಇವತ್ತಿನ ಲೆಕ್ಕ ಇವತ್ತೇ

ದೋಹಾ ಪೇಟೆಯ ದಕ್ಷಿಣಕ್ಕೆ, ಇಂಡಸ್ಟ್ರಿಯಲ್ ಏರಿಯಾದ ಮಗ್ಗುಲಲ್ಲೇ ಬರ್ವಾ ಅಲ್ ಬರಾಹಾ ಇದೆ. ಕತಾರಿಗೆ ಬಂದ ನೆಂಟರಿಗೆ ಯಾರೂ ಇದನ್ನು ತೋರಿಸುವುದಿಲ್ಲ. ಕಾರ್ನಿಷ್ ತೋರಿಸುತ್ತೇವೆ, ಸೂಕ್ ವಾಕಿಫ್ ತೋರಿಸುತ್ತೇವೆ, ಲುಸೈಲ್ ಕ್ರೀಡಾಂಗಣದ ಮುಂದೆ ನಿಲ್ಲಿಸಿ ಫೋಟೊ ತೆಗೆಯುತ್ತೇವೆ. ಇಂಥವನ್ನೆಲ್ಲ ಕಟ್ಟುವವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ಕೇಳುವ ನೆಂಟರು ಅಪರೂಪ. ಕೇಳಿದರೆ ಮಾತ್ರ ನಾನು ಕಾರನ್ನು ಈ ಕಡೆ ತಿರುಗಿಸುತ್ತೇನೆ.

ಬರ್ವಾ ರಿಯಲ್ ಎಸ್ಟೇಟ್ ಕಂಪನಿ ಕಾರ್ಮಿಕರ ವಸತಿಗೆಂದೇ ಕಟ್ಟಿಸಿದ ಜಾಗ ಇದು. ಒಂದೇ ನಮೂನೆಯ ಕಟ್ಟಡಗಳ ಸಾಲು ಸಾಲು, ನಡುವೆ ಮಸೀದಿ, ಅಂಗಡಿ. 50 ಸಾವಿರಕ್ಕೂ ಹೆಚ್ಚು ಜನರಿಗೆಂದು ಯೋಜಿಸಿದ್ದು. ಜೊತೆಗೆ 4 ಸಾವಿರಕ್ಕೂ ಹೆಚ್ಚು ಲಾರಿ ನಿಲ್ಲಿಸಬಹುದಾದ ತಂಗುದಾಣ ಬೇರೆ. ಸಂಜೆಯಾಯಿತೆಂದರೆ ನಗರದ ಎಲ್ಲ ದಿಕ್ಕಿನಿಂದ ಕಂಪನಿ ಬಸ್ಸುಗಳು ಇತ್ತ ಮುಖ ಮಾಡುತ್ತವೆ. ಕಿಟಕಿಗೆ ತಲೆ ಆನಿಸಿಕೊಂಡು ನಿದ್ದೆ ಹೋದವರು, ತೊಡೆಯ ಮೇಲೆ ಹೆಲ್ಮೆಟ್ ಇಟ್ಟುಕೊಂಡು ಊರಿಗೆ ವಿಡಿಯೊ ಕಾಲ್ ಮಾಡುವವರು, ನೇಪಾಳದವರು, ಬಾಂಗ್ಲಾದವರು, ಬಿಹಾರದವರು, ಆಂಧ್ರದವರು. ಅಲ್ಲಲ್ಲಿ ನಮ್ಮವರೂ ಉಂಟು. ಉಡುಪಿ, ಭಟ್ಕಳದ ಕಡೆಯವರು ಹೆಚ್ಚಾಗಿ ಅಂಗಡಿ, ಆಫೀಸು, ಹೋಟೆಲಿನಲ್ಲಿದ್ದಾರೆ. ಉತ್ತರ ಕರ್ನಾಟಕದವರು ಸೈಟಿನಲ್ಲಿ ಸಿಗುತ್ತಾರೆ.

ನಾನು ಮಾಡುವುದು ಪ್ಲಾನಿಂಗ್ ಇಂಜಿನಿಯರ್ ಕೆಲಸ. ಯಾವ ಕೆಲಸ ಯಾವಾಗ ಶುರುವಾಗಬೇಕು, ಯಾವಾಗ ಮುಗಿಯಬೇಕು, ಎಷ್ಟು ಜನ ಬೇಕು, ಎಷ್ಟು ದುಡ್ಡು ಹಿಡಿಯುತ್ತದೆ ಎಂಬುದನ್ನೆಲ್ಲ ಸಾಫ್ಟ್‌ವೇರಿನಲ್ಲಿ ಹೂಡಿ, ವಾರ ವಾರವೂ ನಿಜಕ್ಕೆ ಹೊಂದಿಸಿ ನೋಡುವುದು. ಈಗ ಅದೆಲ್ಲ ಆನ್‌ಲೈನ್. ಬ್ರೌಸರ್ ತೆರೆದರೆ ಸಾಕು, ಇಡೀ ಯೋಜನೆ ಕಣ್ಣ ಮುಂದೆ. ಹಸಿರು, ಹಳದಿ, ಕೆಂಪು ಪಟ್ಟಿಗಳು. ಆದರೆ ಆ ಪಟ್ಟಿಗಳ ಒಳಗಿರುವುದು ಏನು ಎಂದು ಕೇಳಿದರೆ, ಈ ಬಸ್ಸಿನಲ್ಲಿ ನಿದ್ದೆ ಹೋದವರ ಗಂಟೆಗಳು. ಬೇರೇನೂ ಅಲ್ಲ. ಹರಟೆ ಎಲ್ಲಿಗೆ ಹೋದರೂ ನಾನು ಹೇಳಬೇಕೆಂದಿರುವುದು ಇದರ ಸುತ್ತಲೇ.

ಈ ವಿದ್ಯೆ ತೀರಾ ಹಳೆಯದಲ್ಲ. ಅಮೆರಿಕದ ಡುಪಾಂಟ್ ಕಂಪನಿಗೆ ರಾಸಾಯನಿಕ ಕಾರ್ಖಾನೆ ಕಟ್ಟುವುದು, ರಿಪೇರಿಗೆ ನಿಲ್ಲಿಸುವುದು ದೊಡ್ಡ ತಲೆನೋವಾಗಿತ್ತು. ಕೆಲಸ ಬೇಗ ಮುಗಿಸಲು ಹೋದರೆ ಖರ್ಚು ಏರುತ್ತದೆ, ಖರ್ಚು ಉಳಿಸಲು ಹೋದರೆ ದಿನ ಹೋಗುತ್ತದೆ. ಹಾಗಾದರೆ ಯಾವ ಕೆಲಸಕ್ಕೆ ದುಡ್ಡು ಸುರಿದರೆ ದಿನ ಉಳಿಯುತ್ತದೆ, ಯಾವುದಕ್ಕೆ ಸುರಿದರೆ ದಂಡ? 1957ರ ಹೊತ್ತಿಗೆ ಡುಪಾಂಟ್‌ನ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ ಸೇರಿ ಯುನಿವ್ಯಾಕ್ ಕಂಪ್ಯೂಟರಿನಲ್ಲಿ ಇದಕ್ಕೊಂದು ಲೆಕ್ಕ ಕಟ್ಟಿದರು. ಅದೇ ಇಂದಿನ ಕ್ರಿಟಿಕಲ್ ಪಾತ್. ನಮ್ಮಲ್ಲಿ ಮನೆ ಕಟ್ಟಿಸಿದವರಿಗೆ ಇದು ಹೇಳಿಕೊಡಬೇಕಾದ ಸಂಗತಿಯಲ್ಲ. ಕಾಂಪೌಂಡ್ ಗೋಡೆ ಹದಿನೈದು ದಿನ ತಡವಾದರೆ ಗೃಹಪ್ರವೇಶ ನಿಲ್ಲುವುದಿಲ್ಲ. ಮೋಲ್ಡ್ ಹಾಕುವುದು ಹದಿನೈದು ದಿನ ತಡವಾದರೆ ಗಾರೆ, ವೈರಿಂಗ್, ನೆಲ, ಬಣ್ಣ ಎಲ್ಲವೂ ಹದಿನೈದು ದಿನ ಹಿಂದೆ ಬಿತ್ತು. ಯಾವ ಕೆಲಸಕ್ಕೆ ಎಷ್ಟು ದಿನದ ಸಡಿಲಿಕೆ ಇದೆ, ಯಾವುದಕ್ಕೆ ಒಂದು ದಿನವೂ ಇಲ್ಲ ಎಂದು ತಿಳಿಯುವುದೇ ಅದರ ತಿರುಳು. ಮನೆಗೆ ಹತ್ತಿಪ್ಪತ್ತು ಕೆಲಸ, ಮೇಸ್ತ್ರಿಯ ತಲೆಯೊಳಗೇ ಹಿಡಿಯುತ್ತದೆ. ಮೆಟ್ರೊ ಮಾರ್ಗಕ್ಕೋ ಆಸ್ಪತ್ರೆಗೋ ಸಾವಿರಾರು ಕೆಲಸ. ತಲೆಗೆ ಹಿಡಿಯುವುದಿಲ್ಲ, ಯಂತ್ರ ಬೇಕು.

1983ರಲ್ಲಿ ಪ್ರೈಮಾವೆರಾ ಎಂಬ ಕಂಪನಿ ಹುಟ್ಟಿತು. 2008ರಲ್ಲಿ ಒರಾಕಲ್ ಅದನ್ನು ಕೊಂಡಿತು. ಕೊಲ್ಲಿಯ ಯಾವ ಸೈಟಿಗೆ ಹೋದರೂ 'ಪಿ6 ಬರುತ್ತಾ?' ಎಂದೇ ಮೊದಲ ಪ್ರಶ್ನೆ. ಅದು ಪ್ರೈಮಾವೆರಾದ ಮನೆಮಾತಿನ ಹೆಸರು. ಹಿಂದೆಲ್ಲ ಶೆಡ್ಯೂಲ್ ಪ್ಲಾನಿಂಗ್ ರೂಮಿನ ಒಂದೇ ಕಂಪ್ಯೂಟರಿನಲ್ಲಿ ಇರುತ್ತಿತ್ತು. ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆದು ಪೋರ್ಟಾ ಕ್ಯಾಬಿನ್ನಿನ ಗೋಡೆಗೆ ಅಂಟಿಸುವುದು. ಅದು ಅಂಟಿಸುವ ಹೊತ್ತಿಗೇ ಹಳೆಯದು. ಸೈಟ್ ಇಂಜಿನಿಯರನ ಕೈಯಲ್ಲಿ ಒಂದು ತಾರೀಕು, ಸ್ಟೋರಿನವನ ಕೈಯಲ್ಲಿ ಇನ್ನೊಂದು, ಕನ್ಸಲ್ಟೆಂಟ್ ಫೈಲಿನಲ್ಲಿ ಮತ್ತೊಂದು. ಆನ್‌ಲೈನ್ ಬಂದು ಮಾಡಿದ ನಿಜವಾದ ಉಪಕಾರ ಇದು: ಎಲ್ಲರೂ ನೋಡುವ ತಾರೀಕು ಒಂದೇ ಆಯಿತು. 2000ದಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಶುರುವಾದ ಆಕೊನೆಕ್ಸ್ ಪತ್ರ, ನಕ್ಷೆ, ಒಪ್ಪಿಗೆ ಎಲ್ಲವನ್ನೂ ವೆಬ್‌ಗೆ ತಂದಿತು. ಮುಂದೆ ಅದನ್ನೂ ಒರಾಕಲ್ಲೇ ಕೊಂಡಿತು. ಯಾವ ನಕ್ಷೆ ಯಾವ ದಿನ ಎಷ್ಟು ಗಂಟೆಗೆ ಯಾರಿಗೆ ಹೋಯಿತು, ಅವರು ತೆರೆದು ನೋಡಿದರೋ ಇಲ್ಲವೋ ಎಲ್ಲವೂ ದಾಖಲಾಗುತ್ತದೆ. 'ನಮಗೆ ಬಂದೇ ಇಲ್ಲ' ಎನ್ನುವ ಮಾತು ನಿಂತುಹೋಯಿತು.

ಖರ್ಚಿನ ಕಡೆ ಇದಕ್ಕಿಂತಲೂ ದೊಡ್ಡ ಬದಲಾವಣೆ. ಬಿಲ್ ಬಂದಾಗ ಖರ್ಚು ಬರೆಯುವುದು ಅಕೌಂಟ್ಸಿನವರ ಪದ್ಧತಿ, ಅವರಿಗೆ ಅದು ಸರಿ. ಕಟ್ಟಡ ಕಟ್ಟುವವರಿಗೆ ಅದು ತೀರಾ ತಡ. ಇಲ್ಲಿ ಸಾಮಾನು ತರಿಸಲು ಎಲ್.ಪಿ.ಓ. ಬರೆಯುತ್ತಾರೆ, ಊರಿನ ಪರ್ಚೇಸ್ ಆರ್ಡರ್ ಎಂದುಕೊಳ್ಳಿ. ಅದಕ್ಕೆ ಸಹಿ ಬಿದ್ದ ಗಳಿಗೆಯಲ್ಲೇ ದುಡ್ಡು ನಮ್ಮ ಕೈಬಿಟ್ಟಿತು. ಒಳ್ಳೆಯ ಸಾಫ್ಟ್‌ವೇರ್ ಅದೇ ಗಳಿಗೆಯಲ್ಲಿ ಬಜೆಟ್ಟಿನಿಂದ ಆ ಮೊತ್ತವನ್ನು ಕಳೆದು ಉಳಿದದ್ದು ಇಷ್ಟು ಎಂದು ತೋರಿಸುತ್ತದೆ. ಬಿಲ್ ಮೂರು ತಿಂಗಳಾದ ಮೇಲೆ ಬರಲಿ. ಎಲ್.ಪಿ.ಓ. ಲೆಕ್ಕವಿಲ್ಲದೆ ಬರೀ ಬಿಲ್ಲಿನ ಲೆಕ್ಕ ಹಿಡಿದು ನಡೆದ ಎಷ್ಟೋ ಗುತ್ತಿಗೆದಾರರು ಕೊನೆಯ ಮೂರು ತಿಂಗಳಲ್ಲಿ ನೆಲ ಕಚ್ಚಿದ್ದನ್ನು ಈ ಊರಿನಲ್ಲಿ ನೋಡಿದ್ದೇನೆ. ಅವರ ಕೆಲಸಗಾರರ ಸಂಬಳವೂ ಅವರ ಜೊತೆಗೇ ನಿಂತಿತು.

ಇನ್ನು ನಮ್ಮ ಸೈಟಿನ ಕಾಕಾ ಅವರ ವಿಷಯಕ್ಕೆ ಬರುತ್ತೇನೆ. ಬಾಗಲಕೋಟೆ ಕಡೆಯ ಫೋರ್ಮನ್. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಕನ್ನಡದವರೆಲ್ಲ ಕಾಕಾ ಎಂದೇ ಕರೆಯುತ್ತೇವೆ, ಅವರನ್ನು ನೋಡಿ ಮಲಯಾಳಿಗಳೂ ಹಾಗೇ ಕರೆಯಲು ಶುರುಮಾಡಿದ್ದಾರೆ. ಬ್ಲಾಕ್ ಕೆಲಸದಲ್ಲಿ ಅವರ ಕೈ ಅಂದರೆ ಕೈ. ದಾರ ಕಟ್ಟಿ ಒಂದು ಕಣ್ಣು ಮುಚ್ಚಿ ನೋಡಿದರೆ ಮಿಲಿಮೀಟರ್ ವ್ಯತ್ಯಾಸ ಹಿಡಿಯುತ್ತಾರೆ. ಒಂದು ಸಂಜೆ ಅವರು ನನ್ನ ಲ್ಯಾಪ್‌ಟಾಪಿನ ಕೆಂಪು ಪಟ್ಟಿ ನೋಡಿ ಕೇಳಿದರು: "ಸರ, ಇದರಾಗ ನಮ್ಮ ಕೆಲಸ ಕೆಂಪ ಯಾಕ ತೋರಸ್ತದ? ಗ್ವಾಡಿ ಸರಿ ಅದಾವಲ್ರಿ?"

ಅವರಿಗೆ ತೋರಿಸಿದ ಲೆಕ್ಕವನ್ನೇ ಇಲ್ಲಿ ಬರೆಯುತ್ತೇನೆ, ಏಕೆಂದರೆ ಈ ವಿದ್ಯೆಯ ಜೀವ ಇರುವುದೇ ಇದರಲ್ಲಿ. ಒಂದು ಮಹಡಿಗೆ 1,000 ಚದರ ಮೀಟರ್ ಬ್ಲಾಕ್ ಗೋಡೆ. ಚದರ ಮೀಟರಿಗೆ 40 ರಿಯಾಲ್, ಒಟ್ಟು ಬಜೆಟ್ 40 ಸಾವಿರ. 10 ದಿನದಲ್ಲಿ ಮುಗಿಯಬೇಕು, ದಿನಕ್ಕೆ 100 ಮೀಟರ್. ಐದನೇ ದಿನ ಸಂಜೆ ಟೇಪ್ ಹಿಡಿದು ಅಳೆದರೆ ಎದ್ದಿರುವ ಗೋಡೆ 400 ಮೀಟರ್. ಖರ್ಚಾದದ್ದು 18 ಸಾವಿರ. ಅಕೌಂಟ್ಸಿನವರು ಹೇಳುತ್ತಾರೆ: ಐದು ದಿನಕ್ಕೆ 20 ಸಾವಿರ ಇಟ್ಟಿದ್ದೆವು, 18 ಸಾವಿರ ಖರ್ಚಾಗಿದೆ, 2 ಸಾವಿರ ಉಳಿತಾಯ. ಕೇಳಲು ಹಿತವಾಗಿದೆ. ಆದರೆ ಎದ್ದ ಗೋಡೆಯ ಬೆಲೆ ಎಷ್ಟು? 400 ಮೀಟರಿಗೆ 40ರಂತೆ 16 ಸಾವಿರ. 16 ಸಾವಿರದ ಗೋಡೆ ಎಬ್ಬಿಸಲು 18 ಸಾವಿರ ಸುರಿದಿದ್ದೇವೆ. ಇದೇ ಚಾಳಿ ಮುಂದುವರಿದರೆ ಮಹಡಿ ಮುಗಿಯುವ ಹೊತ್ತಿಗೆ 40ರ ಬದಲು 45 ಸಾವಿರ. ದಿನವೂ 10ರ ಬದಲು ಹನ್ನೆರಡೂವರೆ. ಉಳಿತಾಯ ಎಂದು ಕಂಡದ್ದು ನಷ್ಟ. ಅದೂ ಐದನೇ ದಿನವೇ ಗೊತ್ತಾಯಿತು. ಇನ್ನೂ ಆರು ನೂರು ಮೀಟರ್ ಬಾಕಿ ಇರುವಾಗ, ಏನಾದರೂ ಮಾಡಬಹುದಾದಾಗ ಗೊತ್ತಾಯಿತು.

ಇದಕ್ಕೆ ಅರ್ನ್ಡ್ ವ್ಯಾಲ್ಯೂ ಎನ್ನುತ್ತಾರೆ. 1967ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಗುತ್ತಿಗೆಗಳಿಗೆ ಇದನ್ನು ಕಡ್ಡಾಯ ಮಾಡಿದಾಗಿನಿಂದ ಬೆಳೆದು ಬಂದ ಪದ್ಧತಿ. ಕಾಕಾ ಲೆಕ್ಕವನ್ನು ಒಂದೇ ಸಲಕ್ಕೆ ಹಿಡಿದರು. ಆಮೇಲೆ ಅವರೇ ಕಾರಣ ಹೇಳಿದರು. "ಮೂರ ದಿನ ಕ್ರೇನ್ ಸಿಗಲಿಲ್ರಿ. ಬ್ಲಾಕ್ ಕೆಳಗ, ನಮ್ಮ ಮಂದಿ ಮ್ಯಾಲ. ಹೊತ್ತು ಹೊತ್ತು ಸಾಗಿಸೇವಿ. ಮೀಟರ್ ಎಲ್ಲಿಂದ ಏಳತಾವ?" ನನ್ನ ಸಾಫ್ಟ್‌ವೇರಿನಲ್ಲಿ ಕೆಂಪು ಇತ್ತು, ಕ್ರೇನ್ ಇರಲಿಲ್ಲ. ಕ್ರೇನ್ ಇಲ್ಲದ ಸಂಗತಿ ದಿನದ ವರದಿಯಲ್ಲಿ ಬರೆದಿದ್ದರೆ ಎರಡನೇ ದಿನವೇ ಯಾರಾದರೂ ಎಚ್ಚೆತ್ತುಕೊಳ್ಳುತ್ತಿದ್ದರು. ಯಾಕೆ ಬರೆಯಲಿಲ್ಲ ಎಂದರೆ, ದಿನದ ವರದಿಯ ಆ್ಯಪ್ ಇಂಗ್ಲಿಷಿನಲ್ಲಿದೆ. ಕಾಕಾ ಬಾಯಲ್ಲಿ ಹೇಳಿದ್ದನ್ನು ಬರೆಯುವ ಟೈಮ್‌ಕೀಪರ್ ಮೂರು ಸೈಟಿಗೆ ಒಬ್ಬ. ಅವನು ಮೂರು ದಿನದ್ದು ಒಟ್ಟಿಗೆ ತುಂಬಿದ್ದ.

ಆಗ ಕಾಕಾ ಆಡಿದ ಮಾತನ್ನು ನಾನು ನನ್ನ ಕೈಕೆಳಗಿನ ಹುಡುಗರಿಗೆಲ್ಲ ಹೇಳುತ್ತೇನೆ. "ನೋಡ್ರಿ ಸರ, ಇವತ್ತಿಂದು ಇವತ್ತ ಬರದ್ರ ಲೆಕ್ಕ. ನಾಳಿಗೆ ಬರದ್ರ ಅದು ಬರೇ ಕತಿ."

ತಡವಾಗುವುದು ಎಂದರೇನು ಎಂದು ಕಾಕಾ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವರ ಊರು ಆಲಮಟ್ಟಿ ಹಿನ್ನೀರಿನದು. ಆಲಮಟ್ಟಿ ಅಣೆಕಟ್ಟು ಸೇರಿದ ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಗಳು ಅಡಿಗಲ್ಲು ಹಾಕಿದರು. ಅದರ ಮೂರನೇ ಹಂತಕ್ಕೆ ಮೊದಲು ಮಾಡಿದ ಅಂದಾಜು ಸುಮಾರು 17 ಸಾವಿರ ಕೋಟಿ. ಕೆಲವೇ ವರ್ಷಗಳಲ್ಲಿ ಅದು 51 ಸಾವಿರ ಕೋಟಿ ದಾಟಿತು. ನಡುವೆ 2013ರ ಭೂಸ್ವಾಧೀನ ಕಾಯ್ದೆ ಬಂದು ಪರಿಹಾರದ ದರ ಏರಿತು ಎಂಬುದು ದೊಡ್ಡ ಕಾರಣ. ಮುಳುಗುವ ರೈತನಿಗೆ ಹೆಚ್ಚು ಪರಿಹಾರ ಸಿಗುವುದು ನ್ಯಾಯವೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ಮುಗಿಯದ ಕೆಲಸ ಎರಡೂ ಕಡೆಯವರನ್ನು ಕಾಯಿಸುತ್ತದೆ. ನೀರಿಗೆ ಕಾಯುವ ಹೊಲದವನು ಒಂದು ಕಡೆ. ಮನೆ ಕಟ್ಟಲೋ ಬೇಡವೋ, ಮಗಳ ಮದುವೆ ಯಾವ ಊರಿನಲ್ಲಿ ಮಾಡಲಿ ಎಂದು ತಿಳಿಯದೆ ಮುಳುಗಡೆಯ ನೋಟಿಸ್ ಹಿಡಿದು ಕೂತವನು ಇನ್ನೊಂದು ಕಡೆ.

ಬೆಂಗಳೂರಿನವರಿಗೆ ನಮ್ಮ ಮೆಟ್ರೊ ನೆನಪಿರುತ್ತದೆ. 2006ರ ಜೂನ್‌ನಲ್ಲಿ ಮನಮೋಹನ್ ಸಿಂಗ್ ಶಂಕುಸ್ಥಾಪನೆ ಮಾಡಿದರು, 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿತು, ಮೊದಲ ಹಂತ ಪೂರ್ತಿಯಾದದ್ದು 2017ರ ಜೂನ್‌ನಲ್ಲಿ. ಸುಮಾರು 6,400 ಕೋಟಿಯ ಅಂದಾಜು 13,800 ಕೋಟಿಯ ಹತ್ತಿರ ಹೋಗಿ ನಿಂತಿತು. ನಡುವೆ ಮಾರ್ಗದ ಉದ್ದವೂ 33 ಕಿಲೋಮೀಟರಿನಿಂದ 42ಕ್ಕೆ ಬೆಳೆದಿತ್ತು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಈಜಿಪುರದ ಮೇಲ್ಸೇತುವೆಯ ಬರೀ ಕಂಬಗಳ ಕೆಳಗೆ ಎಷ್ಟು ವರ್ಷ ಟ್ರಾಫಿಕ್ ನಿಂತಿತು ಎಂದು ಕೋರಮಂಗಲದವರನ್ನು ಕೇಳಿ. 2017ರಲ್ಲಿ ಶುರುವಾದದ್ದು, 2019ರಲ್ಲಿ ಮುಗಿಯಬೇಕಿತ್ತು. 2022ರಲ್ಲಿ ಗುತ್ತಿಗೆಯೇ ರದ್ದಾಗಿ ಮತ್ತೆ ಮೊದಲಿನಿಂದ ಟೆಂಡರ್.

ತಡವಾದರೂ ಲೆಕ್ಕ ಕೈಬಿಡದ ಕೆಲಸ ಯಾವುದೆಂದರೆ ನನಗೆ ಕೊಂಕಣ ರೈಲ್ವೆ. 1990ರಲ್ಲಿ ನಿಗಮವಾಯಿತು, 1998ರ ಜನವರಿಯಲ್ಲಿ ಮಂಗಳೂರಿನ ತೋಕೂರಿನಿಂದ ರೋಹಾದವರೆಗಿನ ದಾರಿ ಪೂರ್ತಿ ತೆರೆಯಿತು. ನಿಗಮದ ಮುಖ್ಯಸ್ಥರಾಗಿದ್ದ ಇ. ಶ್ರೀಧರನ್ ಅವರು ಸೈಟುಗಳಲ್ಲಿ ಹಿಂದಕ್ಕೆ ಓಡುವ ಗಡಿಯಾರ ಹಾಕಿಸಿದ್ದರು. ಮುಗಿಸಬೇಕಾದ ದಿನಕ್ಕೆ ಇನ್ನೆಷ್ಟು ದಿನ ಬಾಕಿ ಎಂಬ ಸಂಖ್ಯೆ ಅದರಲ್ಲಿ. ಗೋವಾದ ಪೆರ್ನೆಂ ಸುರಂಗದಲ್ಲಿ ಮಣ್ಣು ಮೆತ್ತಗಿದ್ದು ಮತ್ತೆ ಮತ್ತೆ ಕುಸಿದಾಗ ಆ ಗಡಿಯಾರವೂ ಏನೂ ಮಾಡುವಂತಿರಲಿಲ್ಲ. ಆದರೂ ಅದನ್ನು ಸೈಟಿನ ಕೂಲಿಯವನಿಂದ ಮುಖ್ಯ ಇಂಜಿನಿಯರ್ ತನಕ ಎಲ್ಲರೂ ಓದಬಲ್ಲವರಾಗಿದ್ದರು. ಆ ಗುಣ ಇಂದಿನ ಎಷ್ಟೋ ಡ್ಯಾಶ್‌ಬೋರ್ಡುಗಳಿಗೆ ಇಲ್ಲ.

ನಮ್ಮ ಲೋಕೋಪಯೋಗಿ ಇಲಾಖೆಯ ಎಂ.ಬಿ. ಬುಕ್ಕನ್ನೂ ಇಲ್ಲಿ ನೆನೆಯಬೇಕು. ಅಳತೆ ಪುಸ್ತಕ. ಪುಟಕ್ಕೆ ಪುಟದ ಸಂಖ್ಯೆ, ಇಂಕಿನಲ್ಲೇ ಬರೆಯಬೇಕು, ಅಳಿಸುವಂತಿಲ್ಲ. ತಪ್ಪಾದರೆ ಗೀಟು ಹಾಕಿ ಪಕ್ಕದಲ್ಲಿ ಬರೆದು ಸಹಿ. ಅಳೆಯದೆ ಬಿಲ್ ಇಲ್ಲ. ಬ್ರಿಟಿಷರ ಕಾಲದಿಂದ ಬಂದ ಈ ಪುಸ್ತಕ ಇಂದಿನ ಸಾಫ್ಟ್‌ವೇರ್ ಮಾಡಬೇಕಾದ ಕೆಲಸವನ್ನೇ ಮಾಡುತ್ತಿತ್ತು: ಯಾರು, ಯಾವಾಗ, ಎಷ್ಟು ಅಳೆದರು ಎಂಬುದಕ್ಕೆ ಅಳಿಸಲಾಗದ ಸಾಕ್ಷಿ. ಅದನ್ನು ಮನೆಯಲ್ಲಿ ಕೂತು ತುಂಬಿದವರೂ ಇದ್ದರು. ಹಾಗಾಗಿಯೇ ನಮ್ಮ ಗ್ರಾಮೀಣಾಭಿವೃದ್ಧಿ ಇಲಾಖೆ 'ಗಾಂಧಿ ಸಾಕ್ಷಿ ಕಾಯಕ' ಎಂಬ ಆನ್‌ಲೈನ್ ವ್ಯವಸ್ಥೆ ತಂದದ್ದು. ಹಳ್ಳಿಯ ರಸ್ತೆ, ಚರಂಡಿ, ಶಾಲಾ ಕೊಠಡಿಯ ಅಂದಾಜಿನಿಂದ ಬಿಲ್ಲಿನವರೆಗೆ ಒಂದೇ ಕಡೆ, ಕೆಲಸದ ಫೋಟೊ ಸಮೇತ. ಕತಾರಿನ ದೊಡ್ಡ ದೊಡ್ಡ ಕಂಪನಿಗಳು ಲಕ್ಷಾಂತರ ರಿಯಾಲ್ ಕೊಟ್ಟು ಮಾಡಿಸಿಕೊಳ್ಳುವುದರ ತಿರುಳು ನಮ್ಮ ಪಂಚಾಯ್ತಿ ಚರಂಡಿಗೂ ಬಂದಿದೆ ಎನ್ನುವುದು ನನಗೆ ಹೆಮ್ಮೆಯ ವಿಷಯ.

ಇನ್ನೊಂದು ಕಾಯಿಲೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ವೃತ್ತಿಯಲ್ಲಿ ಎಲ್ಲ ಕೆಲಸವೂ ಬೇಗನೆ 90 ಪರ್ಸೆಂಟ್ ಆಗಿಬಿಡುತ್ತದೆ, ಆಮೇಲೆ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ವಾರದ ಪ್ರೋಗ್ರೆಸ್ ಮೀಟಿಂಗಿನಲ್ಲಿ ಕೆಂಪು ಕಂಡರೆ ಬೈಗುಳ ಬೀಳುತ್ತದೆ ಎಂದು ಗೊತ್ತಿರುವ ಇಂಜಿನಿಯರ್ ಪರ್ಸೆಂಟೇಜನ್ನು ಸ್ವಲ್ಪ ಏರಿಸಿ ಹೇಳುತ್ತಾನೆ, ಮುಂದಿನ ವಾರ ಸರಿದೂಗಿಸುತ್ತೇನೆ ಎಂಬ ನಂಬಿಕೆಯಿಂದ. ಮುಂದಿನ ವಾರ ಇನ್ನೂ ಸ್ವಲ್ಪ ಏರಿಸಬೇಕಾಗುತ್ತದೆ. ಕೆಂಪು ಅಂಕಿಯ ಮೇಲೆ ಕೂಗಾಡುವ ಮ್ಯಾನೇಜರಷ್ಟು ದುಬಾರಿ ವಸ್ತು ಸೈಟಿನಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅವರ ಎದುರು ಯಾರೂ ನಿಜ ಬರೆಯುವುದಿಲ್ಲ, ನಿಜ ಬರೆಯದ ಸಾಫ್ಟ್‌ವೇರಿಗೆ ಎಷ್ಟು ದುಡ್ಡು ಕೊಟ್ಟರೂ ದಂಡ. ಅದಕ್ಕೇ ಪರ್ಸೆಂಟ್ ಕೇಳಬೇಡಿ, ಅಳತೆ ಕೇಳಿ ಎಂದು ನಾನು ಜಗಳ ಆಡುತ್ತೇನೆ. ಎಷ್ಟು ಮೀಟರ್ ಎದ್ದಿತು, ಎಷ್ಟು ಬಾಗಿಲು ಕೂತಿತು, ಎಷ್ಟು ಪೈಪಿಗೆ ಪ್ರೆಷರ್ ಟೆಸ್ಟ್ ಆಯಿತು. ಎಣಿಸಲು ಬರುವುದನ್ನು ಏರಿಸಿ ಹೇಳುವುದು ಕಷ್ಟ.

ಈ ದೇಶದಲ್ಲಿ ಕಾಲದ ಲೆಕ್ಕಕ್ಕೆ ಇನ್ನೂ ಕೆಲವು ಸಂಗತಿ ಸೇರುತ್ತವೆ. ಬೇಸಿಗೆಯಲ್ಲಿ, ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ, ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. 2021ರ ನಿಯಮ ಇದು. ಮೊದಲಿದ್ದ ನಿಷೇಧದ ಹೊತ್ತು ಇದಕ್ಕಿಂತ ಕಡಿಮೆ ಇತ್ತು. ಅಷ್ಟೇ ಅಲ್ಲ, ಬಿಸಿಲು, ಗಾಳಿ, ತೇವ ಮೂರನ್ನೂ ಸೇರಿಸಿ ಅಳೆಯುವ ಶಾಖದ ಮಾಪನ 32.1 ಡಿಗ್ರಿ ದಾಟಿದರೆ ಯಾವ ಹೊತ್ತಾದರೂ ಕೆಲಸ ನಿಲ್ಲಬೇಕು. ರಂಜಾನ್ ತಿಂಗಳಲ್ಲಿ ವಾರಕ್ಕೆ 48 ಗಂಟೆಯ ಬದಲು 36. ಇವನ್ನೆಲ್ಲ ಶೆಡ್ಯೂಲಿನ ಕ್ಯಾಲೆಂಡರಿನಲ್ಲಿ ಮೊದಲೇ ಹಾಕಬೇಕು. ಹಾಕದೆ ಮಾಡಿದ ಪ್ಲಾನ್ ಜುಲೈ ಬಂದ ಕೂಡಲೇ ಹಿಂದೆ ಬೀಳುತ್ತದೆ, ಹಿಂದೆ ಬಿದ್ದದ್ದನ್ನು ಹಿಡಿಯಲು ಯಾರೋ ಒಬ್ಬ ಮೇಸ್ತ್ರಿ ಹತ್ತು ಗಂಟೆ ಮೀರಿ ಜನರನ್ನು ಬಿಸಿಲಲ್ಲಿ ನಿಲ್ಲಿಸುತ್ತಾನೆ. ಕಂಪ್ಯೂಟರಿನ ಮುಂದೆ ಎ.ಸಿ.ಯಲ್ಲಿ ಕೂತು ಮಾಡಿದ ತಪ್ಪು ಅಳತೆ ಇನ್ನೊಬ್ಬನ ನೆತ್ತಿಯ ಮೇಲೆ ಬೀಳುವ ದಾರಿ ಇದು. ಪ್ಲಾನಿಂಗ್ ಕೆಲಸವನ್ನು ನಾನು ಬರೀ ಲೆಕ್ಕ ಎಂದುಕೊಳ್ಳದಿರುವುದಕ್ಕೆ ಇದೊಂದೇ ಕಾರಣ ಸಾಕು.

ಕ್ಯಾಲೆಂಡರಿನಲ್ಲಿ ಮೊದಲೇ ಹಾಕಲಾಗದ ಸಂಗತಿಗಳೂ ಇವೆ. 2017ರ ಜೂನ್ 5ರಂದು ನೆರೆಯ ದೇಶಗಳು ಕತಾರಿನೊಂದಿಗೆ ಸಂಬಂಧ ಕಡಿದುಕೊಂಡಾಗ ಸೌದಿ ಗಡಿ ಮುಚ್ಚಿತು. ಕತಾರಿಗಿರುವ ಭೂಗಡಿ ಅದೊಂದೇ, ಅಬು ಸಮ್ರಾ. ದುಬೈ ಬಂದರಿನ ಮೂಲಕ ಬರುತ್ತಿದ್ದ ಸಾಮಾನೂ ನಿಂತಿತು. ಒಂದೇ ದಿನದಲ್ಲಿ ಜಲ್ಲಿ, ಟೈಲ್ಸ್, ಗಾಜು, ಕೇಬಲ್ ಎಲ್ಲದರ ತಾರೀಕು ಅಳಿಸಿಹೋಯಿತು. ಒಮಾನಿನ ಸೊಹಾರ್ ಬಂದರಿನಿಂದ ಹಡಗು ಹಿಡಿದು, ಆಗಷ್ಟೇ ತೆರೆದಿದ್ದ ಹಮದ್ ಬಂದರಿಗೆ ತರಿಸಿ ಕೆಲಸ ನಡೆಸಿದರು. ಅಂಥ ಹೊತ್ತಿನಲ್ಲಿ ಆನ್‌ಲೈನ್ ದಾಖಲೆಯ ಬೆಲೆ ಗೊತ್ತಾಗುವುದು. ಇಲ್ಲಿನ ಎಷ್ಟೋ ಗುತ್ತಿಗೆಗಳಿಗೆ ಸಲಹಾ ಇಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್‌ನ 1999ರ ಕೆಂಪು ಪುಸ್ತಕ ಮಾದರಿ. ಕೆಲಸ ತಡವಾಗುವ ಸಂಗತಿ ತಿಳಿದ 28 ದಿನದೊಳಗೆ ಗುತ್ತಿಗೆದಾರ ನೋಟಿಸ್ ಕೊಡಬೇಕು, ಇಲ್ಲದಿದ್ದರೆ ಹೆಚ್ಚಿನ ದಿನವೂ ಇಲ್ಲ, ಹೆಚ್ಚಿನ ದುಡ್ಡೂ ಇಲ್ಲ ಎನ್ನುತ್ತದೆ ಅದು. ಯಾವ ಆರ್ಡರ್ ಎಲ್ಲಿ ಸಿಕ್ಕಿಕೊಂಡಿದೆ, ಅದು ಯಾವ ಕೆಲಸಕ್ಕೆ ಬೇಕು, ಆ ಕೆಲಸಕ್ಕೆ ಎಷ್ಟು ದಿನದ ಸಡಿಲಿಕೆ ಇತ್ತು ಎಂದು ತೋರಿಸಬಲ್ಲವರು ಬದುಕಿಕೊಂಡರು. ಫೈಲು ಹುಡುಕುತ್ತಾ ಕೂತವರಿಗೆ 28 ದಿನ ಕಳೆದದ್ದೇ ತಿಳಿಯಲಿಲ್ಲ.

2020ರ ಮಾರ್ಚ್ 17ರಂದು ಕೊರೊನಾ ಕಾರಣಕ್ಕೆ ಇಂಡಸ್ಟ್ರಿಯಲ್ ಏರಿಯಾದ 1ರಿಂದ 32ನೇ ಬೀದಿವರೆಗೆ ಮುಚ್ಚಿದಾಗ ಮತ್ತೆ ಅದೇ ಕತೆ. ಆದರೆ ಈ ಸಲ ನಿಂತದ್ದು ಸಾಮಾನಲ್ಲ, ಜನ. ಅವರು ಒಳಗೆ, ಸೈಟು ಹೊರಗೆ. ಸಾಫ್ಟ್‌ವೇರಿನಲ್ಲಿ ಮೇಸನ್, ಕಾರ್ಪೆಂಟರ್, ಸ್ಟೀಲ್ ಫಿಕ್ಸರ್ ಎಂಬ ಸಾಲುಗಳ ಎದುರು ಸೊನ್ನೆ ಬಂತು. ಅಷ್ಟು ವರ್ಷ ಆ ಸಾಲನ್ನು ನೋಡುತ್ತಿದ್ದರೂ ಅದು ಒಂದು ಬೀದಿಯಲ್ಲಿ, ಒಂದು ಕೋಣೆಯಲ್ಲಿ, ಮಂಚದ ಮೇಲೆ ಕೂತ ಮನುಷ್ಯ ಎಂದು ಕಚೇರಿಯಲ್ಲಿ ಎಷ್ಟೋ ಜನರಿಗೆ ಹೊಳೆದದ್ದು ಆಗಲೇ.

ಆ ಮನುಷ್ಯನ ಗಂಟೆಗಳಿಗೆ ಕಾನೂನಿನ ರಕ್ಷಣೆ ಇದೆ. ಕತಾರಿನ 2004ರ ಕಾರ್ಮಿಕ ಕಾನೂನಿನ ಪ್ರಕಾರ ಓವರ್‌ಟೈಮಿಗೆ ಮೂಲ ಕೂಲಿಯ ಮೇಲೆ ಕನಿಷ್ಠ ಶೇ 25 ಹೆಚ್ಚು ಕೊಡಬೇಕು. 2015ರಿಂದ ಸಂಬಳ ಬ್ಯಾಂಕಿನ ಮೂಲಕವೇ ಹೋಗಬೇಕೆಂಬ ವ್ಯವಸ್ಥೆ ಬಂತು. 2021ರ ಮಾರ್ಚಿನಿಂದ ತಿಂಗಳಿಗೆ ಕನಿಷ್ಠ 1,000 ರಿಯಾಲ್, ವಸತಿ ಕೊಡದಿದ್ದರೆ ಇನ್ನು 500, ಊಟ ಕೊಡದಿದ್ದರೆ 300. ಇಷ್ಟೆಲ್ಲ ಇದ್ದೂ ತಿಂಗಳ ಕೊನೆಗೆ 'ನನ್ನ ಓವರ್‌ಟೈಮ್ ಎಂಟು ಗಂಟೆ ಕಡಿಮೆ ಬಂದಿದೆ' ಎಂಬ ತಕರಾರು ನಿಂತಿಲ್ಲ. ಹೆಚ್ಚಿನ ಸಲ ಅದು ಮೋಸವಲ್ಲ, ಮೂರು ದಿನ ತಡವಾಗಿ ತುಂಬಿದ ಟೈಮ್‌ಶೀಟ್. ಕಂಪನಿಯ ಖರ್ಚಿನ ಲೆಕ್ಕ ತಪ್ಪುವುದೂ ಅಲ್ಲೇ, ಕಾರ್ಮಿಕನ ಸಂಬಳ ತಪ್ಪುವುದೂ ಅಲ್ಲೇ, ಒಂದೇ ಹಾಳೆಯ ಒಂದೇ ಕಾಲಮ್ಮಿನಲ್ಲಿ. ಎರಡನ್ನೂ ಬೇರೆ ಬೇರೆ ಸಮಸ್ಯೆ ಎಂದು ಬೇರೆ ಬೇರೆ ಇಲಾಖೆಗೆ ಕೊಟ್ಟಿರುವುದರಿಂದ ಎರಡೂ ಬಗೆಹರಿಯುತ್ತಿಲ್ಲ.

ಹೀಗಾಗಿ ಯಾವ ಸಾಫ್ಟ್‌ವೇರ್ ಕೊಳ್ಳಲಿ ಎಂದು ಊರಿನ ಗುತ್ತಿಗೆದಾರ ಗೆಳೆಯರು ಕೇಳಿದಾಗ ನಾನು ಹೆಸರು ಹೇಳುವುದಿಲ್ಲ. ನಿಮ್ಮ ಮೇಸ್ತ್ರಿ ಅದರಲ್ಲಿ ತಾನೇ ಬರೆಯಬಲ್ಲನೇ ಎಂದು ಕೇಳುತ್ತೇನೆ. ದುಬಾರಿ ಲೈಸೆನ್ಸು, ದೊಡ್ಡ ಡ್ಯಾಶ್‌ಬೋರ್ಡು ಆಮೇಲಿನ ಮಾತು. ಶನಿವಾರದ ಬಟವಾಡೆಗೆ ಹಾಜರಿ ಪುಸ್ತಕ ಬರೆಯುವ ನಮ್ಮ ಊರಿನ ಮೇಸ್ತ್ರಿಗೆ ಯಾರು ಬಂದರು, ಎಷ್ಟು ಹೊತ್ತು ದುಡಿದರು, ಎಷ್ಟು ಮೂಟೆ ಸಿಮೆಂಟು ಮುಗಿಯಿತು ಎಂಬುದು ಬಾಯಿಪಾಠ. ಅದನ್ನು ಅವತ್ತೇ, ಅವನ ಭಾಷೆಯಲ್ಲಿ ಕೇಳಿಸಿಕೊಳ್ಳುವ ಪುಟ ಒಂದಿದ್ದರೆ ಮುಕ್ಕಾಲು ಕೆಲಸ ಮುಗಿಯಿತು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವ ನಮ್ಮ ಹುಡುಗ ಹುಡುಗಿಯರಿಗೆ ಅದಕ್ಕಾಗಿಯೇ ಒಂದು ಮಾತು. ಫೋರ್ಮನ್ ಫೋನ್ ಎತ್ತಿ ಕನ್ನಡದಲ್ಲಿ 'ಇವತ್ತು ಕ್ರೇನ್ ಬರಲಿಲ್ಲ, ಹನ್ನೆರಡು ಜನ, ಎಂಬತ್ತು ಮೀಟರ್' ಎಂದರೆ ಸಾಕು, ಅದು ಸರಿಯಾದ ಕಾಲಮ್ಮಿಗೆ ಹೋಗಿ ಕೂರುವಂತೆ ಮಾಡಿ. ನೇಪಾಳಿಗೂ ಬಂಗಾಳಿಗೂ ತೆಲುಗಿಗೂ ಅದೇ ಬರಲಿ. ಸಿಗ್ನಲ್ ಇಲ್ಲದ ನೆಲಮಾಳಿಗೆಯಲ್ಲೂ ನಡೆಯಲಿ. ಕೆಲಸಗಾರ ತನ್ನ ಫೋನಿನಲ್ಲಿ ತನ್ನ ಇವತ್ತಿನ ಗಂಟೆಗಳನ್ನು ನೋಡಿ, ತಪ್ಪಿದ್ದರೆ ಇವತ್ತೇ ಹೇಳುವಂತಿರಲಿ. ಅಂಥದ್ದೊಂದು ಮಾಡಿ ತನ್ನಿ. ಮೊದಲ ದಿನದಿಂದಲೇ ಬಳಸುವ ಫೋರ್ಮನ್ನರನ್ನು ಬರ್ವಾ ಅಲ್ ಬರಾಹಾದಲ್ಲಿ ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ.